ಅಮಾಸೆ ಇಲ್ಲದ ಹಲಗೆ

ಚನ್ನಪಟ್ಟಣ
ಆಗಸ್ಟ್ 2006

ಪ್ರತಿಮಾ ಮೇಡಂ ಅವರಿಗೆ, ಬೊಂಬೆ ಕೆಲಸದ ಪುಟ್ಟಸ್ವಾಮಿಯ ನಮಸ್ಕಾರಗಳು.

ಈಸ್ಟರ್ ದ್ವೀಪದ ಹಳೆಯ ಅಕ್ಷರಗಳ ಮರದ ಹಲಗೆಯಂಥದ್ದೇ ಒಂದನ್ನು ಕೆತ್ತಿಕೊಡಲು ಹೇಳಿದ್ದಿರಲ್ಲ, ಅದು ಏಕೆ ತಡವಾಯಿತೆಂದು ಬರೆಯುತ್ತಿದ್ದೇನೆ. ನೀವು ಕೊಟ್ಟ ಫೋಟೋದಲ್ಲಿ ಸಾಲು ಬಿಟ್ಟು ಸಾಲು ತಲೆಕೆಳಗಾಗಿತ್ತು. ಪ್ರಿಂಟಿನವರ ತಪ್ಪೆಂದುಕೊಂಡು ಎಲ್ಲವನ್ನೂ ನೆಟ್ಟಗೆ ಮಾಡಿ ಕೆತ್ತಿಬಿಟ್ಟೆ. ಆಮೇಲೆ ಫೋಟೋ ನೋಡಿದ ನಮ್ಮವ್ವ, "ತಪ್ಪಲ್ಲ ಕಣಪ್ಪ, ಹೊಲ ಉತ್ತಂಗೈತೆ. ಒಂದು ಸಾಲು ಮುಗಿದ್ಮೇಲೆ ಎತ್ತು ತಿರುಗುಸ್ಕಂಡು ಬರಾಕಿಲ್ವಾ?" ಎಂದಳು. ಫೋನಿನಲ್ಲಿ ಕೇಳಿದಾಗ ನೀವೂ ಹೌದೆಂದಿರಿ. ಹೊಸ ಹಲಗೆಯನ್ನು ಫೋಟೋದಲ್ಲಿದ್ದಂತೆಯೇ ಕೆತ್ತಿ ಕಳಿಸಿದ್ದೇನೆ.

ಇದನ್ನು ಇನ್ನೂ ಯಾರೂ ಓದಿಲ್ಲ, ಚಂದ್ರನ ಲೆಕ್ಕ ಇರಬಹುದು ಎಂದಿದ್ದಿರಿ. ಫೋಟೋದ ಅಕ್ಷರಗಳ ನಡುವೆ ಬಾಗಿದ ಚಂದ್ರನೂ ಇದ್ದಾನೆ; ಒಂದು ಸಾಲಿನ ಚಂದ್ರ ಬೆಳೆಯುವವನಂತೆ, ಮುಂದಿನ ಸಾಲಿನವನು ಕರಗುವವನಂತೆ ಕಾಣುತ್ತಾನೆ. ನಾನು ನೆಟ್ಟಗೆ ಮಾಡಿದ ಹಲಗೆಯಲ್ಲಿ ಮಾತ್ರ ಎಲ್ಲ ಸಾಲಿನಲ್ಲೂ ಬೆಳೆಯುತ್ತಲೇ ಇದ್ದಾನೆ. ಆ ದ್ವೀಪದವರು ಅಮಾವಾಸ್ಯೆಗೆ ಏನು ಬರೆಯುತ್ತಿದ್ದರೋ, ಗೊತ್ತಾದರೆ ತಿಳಿಸಿ.

ತಪ್ಪಾದ ಹಲಗೆಯನ್ನು ಮಾತ್ರ ದಯವಿಟ್ಟು ಕೇಳಬೇಡಿ. ಅವ್ವನಿಗೆ ಅಮಾವಾಸ್ಯೆ ಹತ್ತಿರ ಬಂದರೆ ಉಬ್ಬಸ ಜೋರಾಗುತ್ತದೆ. "ಇದ್ರಲ್ಲಿ ಅಮಾಸೆನೇ ಬರಾಕಿಲ್ಲ" ಎಂದು ಅದನ್ನು ತಲೆದಿಂಬಿನ ಪಕ್ಕದಲ್ಲಿ ಇಟ್ಟುಕೊಂಡು ಮಲಗುತ್ತಿದ್ದಾಳೆ.

ಇಂತಿ,
ಪುಟ್ಟಸ್ವಾಮಿ