ಪೆಡಲ್ ಕೆಳಗೆ ನನ್ನ ಹೆಸರು

ಅಪ್ಪಾ,

ನಿನ್ನ ವೈಕುಂಠ ಸಮಾರಾಧನೆಯ ದಿನ ನೆಂಟರೆಲ್ಲ ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಾಗ ನಾನು ಹೊರಗೆ ಬಂದು ನಮ್ಮ ಕಾರಿನ ಚಕ್ರಕ್ಕೆ ಜಾಡಿಸಿ ಒದ್ದೆ. ಅಮ್ಮ ಕಿಟಕಿಯಿಂದ ನೋಡಿದಳು. ನನ್ನ ಲೆಕ್ಕದಲ್ಲಿ ನಿನ್ನನ್ನು ಕೊಂದಿದ್ದು ಆ ಕಾರು. ಹತ್ತು ತಿಂಗಳು ಹಾಗೇ ಅಂದುಕೊಂಡಿದ್ದೆ. ಹೋದವರಿಗೆ ಯಾರಾದರೂ ಕಾರಿನ ವಿಷಯ ಬರೆಯುತ್ತಾರೇನೇ ಅಂತ ನಗಬೇಡ. ಇದನ್ನು ನಿನಗಲ್ಲದೆ ಇನ್ಯಾರಿಗೆ ಬರೆಯಲಿ?

ಆ ಬೆಳಗ್ಗೆ ಒಂಬತ್ತೂಕಾಲಿಗೆ ನೀನು ಎದೆ ಹಿಡಿದುಕೊಂಡು ಕೂತೆ. ಆಂಬುಲೆನ್ಸ್ ಕಾಯುವ ತಾಳ್ಮೆ ನನಗಿರಲಿಲ್ಲ. ನಿನ್ನನ್ನು ಪಕ್ಕದ ಸೀಟಿಗೆ, ಅಮ್ಮನನ್ನು ಹಿಂದಕ್ಕೆ ಕೂರಿಸಿ ಕೆ.ಆರ್.ಪುರದ ಮನೆಯಿಂದ ಇಂದಿರಾನಗರದ ಆಸ್ಪತ್ರೆಗೆ ಹೊರಟೆ. ತೂಗುಸೇತುವೆ ಹತ್ತುವಾಗ ಎಕ್ಸಲರೇಟರನ್ನು ನೆಲಕ್ಕೆ ತಾಗುವ ಹಾಗೆ ತುಳಿದೆ. ಕಾರು ಮುಲುಗಿತು, ಎಳೆಯಲಿಲ್ಲ. ಜನ ತುಂಬಿದ್ದ ಸಿಟಿ ಬಸ್ಸೊಂದು ನಮ್ಮನ್ನು ದಾಟಿ ಹೋಯಿತು. ನೀನು ಕೈಯೆತ್ತಿ ನನ್ನ ಬಲಗಾಲಿನ ಕಡೆ ತೋರಿಸಿದೆ. ಮತ್ತೆ ತೋರಿಸಿದೆ. "ಶುಭಾ, ಅಲ್ಲಿ..." ಅಂದೆ. ಎಂದಿನಂತೆ ನಿಧಾನ ಹೋಗು ಅನ್ನುತ್ತಿದ್ದೀಯ ಅಂದುಕೊಂಡು ನಾನು ರೇಗಿಬಿಟ್ಟೆ. "ಸುಮ್ನಿರಪ್ಪಾ! ಈಗ್ಲೂ ನಿಧಾನ ಅಂತೀಯಲ್ಲ!" ನಿನ್ನ ಹತ್ತಿರ ನಾನು ಆಡಿದ ಕೊನೆಯ ಮಾತು ಅದು.

ನೀನು ರಿಟೈರ್ ಆದ ದಿನ ಕಾರ್ಖಾನೆಯ ಟೂಲ್‌ರೂಮಿನ ಗೆಳೆಯರು ಶಾಲು ಹಾರದ ಜೊತೆಗೆ ನೀನು ಬಳಸುತ್ತಿದ್ದ, ಲೋಹದ ಮೇಲೆ ಅಕ್ಷರ ಮೂಡಿಸುವ ಹಳೇ ಪಂಚುಗಳ ಡಬ್ಬಿಯನ್ನೂ ಕೊಟ್ಟು ಕಳಿಸಿದ್ದರು, ನೆನಪಿದೆಯಾ? ಆಮೇಲೆ ನೀನು ಮನೆಗೆ ಏನು ಮಾಡಿಕೊಟ್ಟರೂ ಅದು ಯಾರಿಗಾಗಿ ಮಾಡಿದ್ದೋ ಅವರ ಹೆಸರನ್ನು ಇಂಗ್ಲಿಷಿನ ದಪ್ಪ ಅಕ್ಷರಗಳಲ್ಲಿ ಸುತ್ತಿಗೆಯಿಂದ ಹೊಡೆಯುತ್ತಿದ್ದೆ. ತೆಂಗಿನಕಾಯಿ ತುರಿಯುವ ಮಣೆಯ ಮೇಲೆ ಅಮ್ಮನ ಹೆಸರು, ಸರೋಜ ಅಂತಿದೆ. "ಪಾತ್ರೆ ಅಂಗಡಿಯವ್ರ ಹಾಗೆ ಹೆಸ್ರು ಬೇರೆ! ಮಣೆ ಯಾರು ಕದೀತಾರ್ರೀ?" ಎಂದು ಅಮ್ಮ ನಗುತ್ತಿದ್ದಳು. ಮೊದಲ ಅಕ್ಷರ ಎಸ್ ಯಾವಾಗಲೂ ಸ್ವಲ್ಪ ಎಡಕ್ಕೆ ವಾಲಿರುತ್ತಿತ್ತು. ಮೈಕ್ರೋಮೀಟರ್ ಹಿಡಿದು ಬದುಕಿದ ಮನುಷ್ಯನಿಗೆ ಒಂದು ಅಕ್ಷರ ನೆಟ್ಟಗೆ ಹೊಡೆಯಲು ಬರಲಿಲ್ಲ.

ಹೋದ ತಿಂಗಳು ಆಫೀಸಿನಲ್ಲಿ ಬೋನಸ್ ಕೈಗೆ ಬಂದಾಗ ಅಲ್ಲೇ ಕೂತು ನಿರ್ಧಾರ ಮಾಡಿದೆ: ಈ ಕಾರಿನ ಇಂಜಿನ್ನಿಗೆ ಜೀವ ತುಂಬಬೇಕು. ಮಾರಲು ಮನಸ್ಸಿಲ್ಲ, ಹೊಸದಕ್ಕೆ ಶಕ್ತಿಯಿಲ್ಲ. ದಿನಾ ದೊಮ್ಮಲೂರಿನ ಆಫೀಸಿಗೆ ಹೋಗಿ ಬರಬೇಕು, ವಾರಗಟ್ಟಲೆ ಗ್ಯಾರೇಜಿನಲ್ಲಿ ನಿಲ್ಲಿಸುವಂತೆಯೂ ಇಲ್ಲ. ವಿಡಿಯೊ ನೋಡಿ ನೋಡಿ ಪಟ್ಟಿ ಮಾಡಿದೆ: ಹೆಚ್ಚು ಗಾಳಿ ಎಳೆಯುವ ಫಿಲ್ಟರ್, ದೊಡ್ಡ ಸೈಲೆನ್ಸರ್, ಇಂಜಿನ್ನಿನ ಕಂಪ್ಯೂಟರಿಗೆ ಹೊಸ ಪ್ರೋಗ್ರಾಂ. ಇನ್ನೊಂದು ಸಲ ಆ ಸೇತುವೆ ಮೇಲೆ ಯಾರನ್ನಾದರೂ ಕರೆದುಕೊಂಡು ಹೋಗಬೇಕಾಗಿ ಬಂದರೆ, ಅಮ್ಮನನ್ನೇ ಅಂತ ಇಟ್ಟುಕೋ... ಬೇಡ, ನಿನಗೆ ಅರ್ಥವಾಗುತ್ತದೆ.

ಶಿವಾಜಿನಗರದ ಗುಜರಿ ಗಲ್ಲಿಯಲ್ಲಿ ನೀನು ಹಳೇ ಸಾಮಾನು ಹುಡುಕಲು ಹೋದಾಗಲೆಲ್ಲ ಚಹಾ ತರಿಸಿಕೊಡುತ್ತಿದ್ದ ಮೆಕ್ಯಾನಿಕ್ ನಯಾಜ್ ಭಾಯ್ ಈಗಲೂ ಅಲ್ಲೇ ಇದ್ದಾರೆ. ನನ್ನ ಪಟ್ಟಿಯನ್ನು ಕನ್ನಡಕ ಏರಿಸಿ ಓದಿದರು. "ದೊಡ್ಡ ಸೈಲೆನ್ಸರ್ ಹಾಕಿದ್ರೆ ಸೌಂಡ್ ಬರ್ತದೆ ಬೇಟಾ, ಬಸ್ಸೇನು ಹೆದರ್ಕೊಂಡು ಜಾಗ ಬಿಡಲ್ಲ. ಬ್ರೇಕ್ ನೋಡಿದ್ಯಾ? ಟೈರ್ ನೋಡಿದ್ಯಾ? ನಿಲ್ಲೋದು ಮೊದ್ಲು, ಓಡೋದು ಆಮೇಲೆ. ಇರೋ ತಾಕತ್ತು ಎಲ್ಲಿ ಹೋಯ್ತು ಅಂತ ನೋಡೋಣ, ಹೊಸದು ಆಮೇಲೆ ಕೇಳೋಣ." ಪ್ಲಗ್ ಬಿಚ್ಚಿ ಇಂಜಿನ್ನಿನೊಳಗಿನ ಒತ್ತಡ ನೋಡಿದರು. ಚೆನ್ನಾಗಿತ್ತು. ಫಿಲ್ಟರೂ ಚೆನ್ನಾಗಿತ್ತು. ಅವರು ತಲೆ ಕೆರೆದುಕೊಂಡರು. ಕೊನೆಗೆ ಬಾನೆಟ್ಟಿನೊಳಗೆ ತಲೆ ಹಾಕಿ, "ಇಂಜಿನ್ ಆಫಲ್ಲೇ ಇರಲಿ. ಒಳಗೆ ಕೂತು ರೇಸ್ ಪೆಡಲ್ ಪೂರ್ತಿ ಒತ್ತಮ್ಮ" ಅಂದರು.

"ಒತ್ತಿದ್ದೀನಿ ಭಾಯ್."

"ಪೂರ್ತಿ ಒತ್ತು."

"ಅಯ್ಯೋ, ಇದಕ್ಕಿಂತ ಕೆಳಗೆ ಹೋಗ್ತಾ ಇಲ್ಲ!"

"ಇಲ್ಲಿ ಗಾಳಿ ಒಳಗೆ ಹೋಗೋ ಬಾಯಿ ಅರ್ಧಕ್ಕಿಂತ ಒಂಚೂರು ಜಾಸ್ತಿ ತೆರೀತದೆ, ಅಷ್ಟೇ."

ಅವರು ಬಂದು ನನ್ನ ಕಾಲಬಳಿ ಕಾರ್ಪೆಟ್ ಎತ್ತಿದರು. ಪೆಡಲಿನ ಅಡಿಗೆ, ನೆಲಕ್ಕೆ ಎರಡು ಸ್ಕ್ರೂ ಹಾಕಿ ಕೂರಿಸಿದ್ದ ಅಲ್ಯೂಮಿನಿಯಂ ತುಂಡು. ಪೆಡಲ್ ಅದಕ್ಕೆ ತಗುಲಿ ನಿಲ್ಲುತ್ತಿತ್ತು, ಮುಂದೆ ಹೋಗುತ್ತಿರಲಿಲ್ಲ. ನನ್ನ ಚಪ್ಪಲಿಗೆ ಸಿಕ್ಕಿಕೊಳ್ಳಬಾರದೆಂದು ಅಂಚುಗಳನ್ನೆಲ್ಲ ಅರ ಹಾಕಿ ನುಣ್ಣಗೆ ಮಾಡಲಾಗಿತ್ತು. ಭಾಯ್ ಅದನ್ನು ಬಿಚ್ಚಿ, ತಿರುಗಿಸಿ ನನ್ನ ಕೈಗಿಟ್ಟರು. ಹಿಂಬದಿಯಲ್ಲಿ ಶುಭಾ ಅಂತಿತ್ತು. ಎಸ್ ಎಡಕ್ಕೆ ವಾಲಿತ್ತು.

ಮೂರು ವರ್ಷದ ಹಿಂದಿನ ಶನಿವಾರವೊಂದು ಆಗ ಕಣ್ಣಮುಂದೆ ಬಂತು. ಲೈಸೆನ್ಸ್ ಸಿಕ್ಕಿ ತಿಂಗಳಾಗಿರಲಿಲ್ಲ. ಟಿನ್ ಫ್ಯಾಕ್ಟರಿ ಹತ್ತಿರ ಎರಡು ಲಾರಿಗಳ ಮಧ್ಯೆ ನುಗ್ಗಿಸಿಕೊಂಡು ಬಂದ್ಬಿಟ್ಟೆ ಎಂದು ನಿನ್ನೆದುರು ಕೊಚ್ಚಿಕೊಂಡೆ. ನೀನು ಕಾಫಿ ಲೋಟ ಕೆಳಗಿಟ್ಟು ಎದ್ದು ಹೋದೆ. ಮಾರನೇ ದಿನ ಮಧ್ಯಾಹ್ನವೆಲ್ಲ "ಸರ್ವಿಸ್ ಮಾಡ್ತಿದ್ದೀನಿ" ಎಂದು ಕಾರಿನೊಳಗೆ ತೂರಿಕೊಂಡಿದ್ದೆ. ಆಮೇಲೆ ಕಾರು ಎಳೆಯುತ್ತಿಲ್ಲ ಎಂದು ನಾನು ದೂರಿದಾಗಲೆಲ್ಲ, "ವಯಸ್ಸಾಯ್ತು ಕಣೇ, ಕಾರಿಗೂ ನನಗೂ" ಅಂತಿದ್ದೆ. ಎಂಥಾ ಕಳ್ಳ ನೀನು! ಮೂರು ವರ್ಷ ಆ ಮೂಕ ಕಾರಿಗೆ ಬೈಸಿದೆ.

ಗ್ಯಾರೇಜಿನ ಸ್ಟೂಲಿನ ಮೇಲೆ ಕೂತು ನಿನ್ನ ಮೇಲೆ ಎಷ್ಟು ಸಿಟ್ಟು ಬಂತು ಗೊತ್ತಾ? ಮಾಡಿದ್ದುಣ್ಣೋ ಮಹಾರಾಯ ಅಂತ ಮನಸ್ಸಿನಲ್ಲೇ... ಛೆ, ಆದರೂ ಬರೆದಿದ್ದನ್ನು ಹೊಡೆದುಹಾಕುವುದಿಲ್ಲ. ಹಾಗೆ ಅಂದುಕೊಂಡಿದ್ದು ನಿಜ. ಅದರ ಹಿಂದೆಯೇ ಇನ್ನೊಂದು ಹೊಳೆಯಿತು. ಸೇತುವೆಯ ಮೇಲೆ ನೀನು ತೋರಿಸಿದ್ದು ಇದನ್ನಾ? ಉಸಿರಿಗೆ ಒದ್ದಾಡುತ್ತಾ, "ಅಲ್ಲೊಂದು ತುಂಡಿದೆ, ಕಿತ್ತು ಬಿಸಾಕು" ಎಂದು ಹೇಳಲು ಹೊರಟಿದ್ದೆಯಾ? ನಾನು ಬಾಯಿ ಮುಚ್ಚಿಸಿದೆ. ಅಪ್ಪಾ, ನಾನು ನಿನ್ನ ಬಾಯಿ ಮುಚ್ಚಿಸಿಬಿಟ್ಟೆ.

ಕಳೆದ ಸೋಮವಾರ ಅದೇ ಹೊತ್ತಿಗೆ, ತುಂಡಿಲ್ಲದ ಕಾರಿನಲ್ಲಿ, ಒಬ್ಬಳೇ ಅದೇ ಆಸ್ಪತ್ರೆಗೆ ಹೊರಟೆ. ಹುಚ್ಚು ಅನ್ನು, ಏನಾದರೂ ಅನ್ನು, ನನಗೆ ಗೊತ್ತಾಗಲೇಬೇಕಿತ್ತು. ಸೇತುವೆಯ ಮೇಲೆ ಕಾರು ಎಗರಿಕೊಂಡು ಹೋಯಿತು, ಒಂದು ಬಸ್ಸನ್ನು ದಾಟಿದೆ. ಇಳಿದ ಕೂಡಲೇ ಟ್ರಾಫಿಕ್ ನಿಂತಿತು. ನಾನು ದಾಟಿದ ಬಸ್ಸೇ ಮೆಲ್ಲಗೆ ಬಂದು ನನ್ನ ಪಕ್ಕದಲ್ಲಿ ನಿಂತುಕೊಂಡಿತು. ಆವತ್ತು ನಲವತ್ತು ನಿಮಿಷ ಹಿಡಿದಿತ್ತು, ಈ ಸಲ ಮೂವತ್ತೆಂಟು. ಆಸ್ಪತ್ರೆಗೆ ಬರುವ ಬಹಳ ಮುಂಚೆಯೇ ನೀನು ಹೋಗಿದ್ದೆ ಎಂದು ಡಾಕ್ಟರು ಆವತ್ತೇ ಹೇಳಿದ್ದರು, ನಾನು ನಂಬಿರಲಿಲ್ಲ. ಆಸ್ಪತ್ರೆಯ ಗೇಟಿನೆದುರು ಕಾರಿನಲ್ಲೇ ಕೂತು ಅತ್ತೆ. ಕಾರಿನ ಮೇಲಿನ ಸಿಟ್ಟು ಹೋಯಿತು, ನಿನ್ನ ಮೇಲಿನದೂ ಹೋಯಿತು. ರೇಗಿದ ಮಾತು ಮಾತ್ರ ಉಳಿದಿದೆ. ಅದಕ್ಕೆ ಯಾವ ಗ್ಯಾರೇಜಿದೆ?

ನಿನಗೆ ಗೊತ್ತಿಲ್ಲದ ಸುದ್ದಿ ಹೇಳುತ್ತೇನೆ. ಪಟ್ಟಿ ಹರಿದು ಹಾಕಿದೆ. ಬೋನಸ್ ದುಡ್ಡು ಬ್ರೇಕಿಗೆ, ನಾಲ್ಕು ಟೈರಿಗೆ ಹೋಯಿತು. ಭಾಯ್ ಆ ತುಂಡು ಬಿಚ್ಚಿದ್ದಕ್ಕೆ ಏನೂ ತೆಗೆದುಕೊಳ್ಳಲಿಲ್ಲ. ಇನ್ನೊಂದು, ಅಮ್ಮ ಕಾರು ಕಲಿಯುತ್ತಿದ್ದಾಳೆ! ಐವತ್ತೊಂಬತ್ತಕ್ಕೆ ಯಾಕಮ್ಮ ಅಂದರೆ, "ಇನ್ನೊಂದ್ಸಲ ಹಿಂದಿನ ಸೀಟಲ್ಲಿ ಕೈ ಕಟ್ಕೊಂಡು ಕೂರಕ್ಕಾಗಲ್ಲ ಕಣೇ" ಅಂದಳು. ಭಾನುವಾರ ಬೆಳಗ್ಗೆ ಮನೆ ಹಿಂದಿನ ಖಾಲಿ ಲೇಔಟಿಗೆ ಹೋಗುತ್ತೇವೆ. ಹೆದರಿಕೆಗೆ ಬ್ರೇಕ್ ಬದಲು ಎಕ್ಸಲರೇಟರ್ ತುಳಿಯುತ್ತಾಳೆ, ನನ್ನ ಜೀವ ಬಾಯಿಗೆ ಬರುತ್ತದೆ. ಆವತ್ತು ನೀನು ಲೋಟ ಯಾಕೆ ಕೆಳಗಿಟ್ಟೆ ಎಂದು ಈಗ ಗೊತ್ತಾಯಿತು.

ನಿನ್ನೆ ಅಟ್ಟದಿಂದ ನಿನ್ನ ಪಂಚಿನ ಡಬ್ಬಿ ಇಳಿಸಿದೆ. ಆ ತುಂಡಿನ ಮೇಲೆ ನನ್ನ ಹೆಸರಿನ ಕೆಳಗೆ ಸರೋಜ ಎಂದು ಹೊಡೆದೆ. ನನ್ನ ಎಸ್ ಕೂಡ ಎಡಕ್ಕೇ ವಾಲಿತು. ಆಮೇಲೆ ಅಮ್ಮನ ಕೈಗೆ ಅದನ್ನು ಕೊಟ್ಟು, ಇದೇನು, ಯಾಕೆ ಹಾಕುತ್ತಿದ್ದೇನೆ ಎಂದೆಲ್ಲ ಹೇಳಿದೆ. ಅವಳು ಹೆಸರುಗಳ ಮೇಲೆ ಬೆರಳಾಡಿಸಿ, "ಯಾವಾಗ ತೆಗೀತೀಯ?" ಅಂದಳು. "ನೀನು ಹೇಳಿದ ದಿನ" ಅಂದೆ. ಅವಳೆದುರಿಗೇ ಅದನ್ನು ಮತ್ತೆ ಪೆಡಲ್ ಕೆಳಗೆ ಕೂರಿಸಿ ಸ್ಕ್ರೂ ಬಿಗಿದೆ. ಸ್ಕ್ರೂಡ್ರೈವರ್ ಗೇರಿನ ಪಕ್ಕದಲ್ಲೇ ಇಟ್ಟಿದ್ದೇನೆ, ಅವಳ ಕೈಗೆ ಸಿಗುವ ಹಾಗೆ.

ನಿನ್ನ,
ಶುಭಾ