ಎರಡು ಸಲ ಹಿಂದೆ ತಿರುಗಿದ ಗಡಿಯಾರ: ಮಳೆ ರಜೆಯ ಅಧಿಕಾರಿಗಳಿಗೆ

ಮಳೆ ಬಂದಾಗ ಶಾಲೆ ತೆರೆಯಬೇಕೋ ಮುಚ್ಚಬೇಕೋ ಎಂದು ತೀರ್ಮಾನಿಸುವ ಮಾನ್ಯರೇ,

ಕಳೆದ ಸೋಮವಾರ ಬೆಳಗಾದ ಮೇಲೆ ತಾವು ‘ಶಾಲೆ ಎರಡು ಗಂಟೆ ತಡವಾಗಿ ಆರಂಭ’ ಎಂದು ಆದೇಶಿಸಿದಿರಿ. ಶಾಲೆ ತೆರೆದು ಮಕ್ಕಳ ಒದ್ದೆ ಬೂಟು ಇನ್ನೂ ಒಣಗಿರಲಿಲ್ಲ, ‘ರಜೆ, ಕೂಡಲೇ ಮನೆಗೆ ಕಳಿಸಿ’ ಎಂದಿರಿ. ಈ ಎರಡನೆಯ ಆದೇಶ ಹೊರಬಿದ್ದದ್ದೇ ತಡ, ಮಳೆ ನಿಂತು ಬಿಸಿಲು ಬಂತು. ಮಳೆಗೆ ತಮ್ಮ ಮೇಲೆ ಇಷ್ಟೊಂದು ಭಯಭಕ್ತಿ ಇದೆಯೆಂದು ಗೊತ್ತಿದ್ದರೆ ಬೆಳಿಗ್ಗೆಯೇ ರಜೆ ಕೊಡಿ ಎಂದು ಕೈಮುಗಿಯುತ್ತಿದ್ದೆ. ತಮ್ಮ ಈ ಎರಡು ಆದೇಶಗಳ ನಡುವೆ ಸಿಕ್ಕಿ ನನ್ನ ಮಗಳ ಸರದಿ ತಪ್ಪಿತು. ಅದಕ್ಕೆ ಅರ್ಧ ಕಾರಣ ತಾವು. ಉಳಿದರ್ಧದ ವಿಷಯವನ್ನು ನಾಚಿಕೆ ಬಿಟ್ಟು ಕೆಳಗೆ ಬರೆದಿದ್ದೇನೆ.

ಮೊದಲು ಸರದಿಯ ಮಾತು. ನನ್ನ ಮಗಳಿಗೆ ಉಗ್ಗು ಇದೆ. ‘ಮ’ ಅಕ್ಷರ ಎದುರಾದರೆ ಬಾಗಿಲಿಗೆ ಬೀಗ ಬಿದ್ದ ಹಾಗೆ ನಿಂತುಬಿಡುತ್ತಾಳೆ. ಅವಳ ಶಾಲೆಯಲ್ಲಿ ಬೆಳಗಿನ ಸಭೆಯ ಹೊತ್ತಿಗೆ ಮಕ್ಕಳು ಸರದಿಯ ಮೇಲೆ ಹವಾಮಾನ ವರದಿ ಓದುತ್ತಾರೆ. ‘ಮೋಡ ಕವಿದ ವಾತಾವರಣ, ಸಾಧಾರಣ ಮಳೆಯ ಸಾಧ್ಯತೆ.’ ಟೀಚರು ಬೇರೆ ಸುಲಭದ ಮಾತು ಬರೆದುಕೊಡುತ್ತೇನೆಂದರು. ಇವಳು ಒಪ್ಪಲಿಲ್ಲ, ಎಲ್ಲರೂ ಓದುವುದನ್ನೇ ಓದುತ್ತೇನೆಂದಳು. ತಿಂಗಳುಗಟ್ಟಲೆ ಕನ್ನಡಿಯ ಮುಂದೆ ನಿಂತು ಆ ಮೋಡವನ್ನು ನಾಲಿಗೆಗೆ ಒಗ್ಗಿಸಿಕೊಂಡಳು. ಸೋಮವಾರ ಅವಳ ದಿನ.

ಇನ್ನು ನನ್ನ ಪಾಲು. ನಾನು ಗಡಿಯಾರ ರಿಪೇರಿಯವನು. ಬೀದಿಯವರೆಲ್ಲ ನನ್ನ ಅಂಗಡಿಯ ಗಡಿಯಾರ ನೋಡಿ ತಮ್ಮದನ್ನು ಸರಿ ಮಾಡಿಕೊಳ್ಳುತ್ತಾರೆ ಎಂಬ ಜಂಬ ನನಗುಂಟು. ನಮ್ಮ ಮನೆಯಲ್ಲಿ ಫೋನಿನಲ್ಲಿ ಗಂಟೆ ನೋಡುವುದೆಂದರೆ ಕುಲದ್ರೋಹ. ತಡವಾಗಿ ಶಾಲೆ ತೆರೆಯುವ ದಿನ ಮಗುವನ್ನು ಹೊರಡಿಸುವ ನನ್ನ ಅಮ್ಮನಿಗೆ ಕೂಡುವ ಕಳೆಯುವ ತಾಪತ್ರಯ ಬೇಡವೆಂದು ನಾನೊಂದು ಪದ್ಧತಿ ತಂದಿದ್ದೆ. ತಮ್ಮ ಆದೇಶ ಎಷ್ಟು ತಡವೋ ಅಷ್ಟು ಹಿಂದಕ್ಕೆ ಗೋಡೆ ಗಡಿಯಾರದ ಮುಳ್ಳನ್ನು ತಿರುಗಿಸಿಬಿಡುವುದು. ಆಮೇಲೆ ತಿಂಡಿ, ಜಡೆ, ಶಾಲೆ ಎಲ್ಲವೂ ಗಡಿಯಾರದಲ್ಲಿ ಎಂದಿನ ಹೊತ್ತಿಗೇ! ಇಂಥ ಉಪಾಯ ಸರ್ಕಾರಕ್ಕೂ ಹೊಳೆದಿಲ್ಲವಲ್ಲ ಎಂದು ಮೀಸೆ ತಿರುವಿದ್ದೆ.

ಸೋಮವಾರ ತಮ್ಮ ಆದೇಶ ಕೇಳಿದವನೇ ಮುಳ್ಳು ತಿರುಗಿಸಿದೆ. ಅಂಗಡಿಗೆ ನೀರು ನುಗ್ಗೀತೆಂಬ ಅವಸರ, ಯಾರಿಗೂ ಹೇಳದೆ ಓಡಿದೆ. ಹೆಂಡತಿ ಅದಾಗಲೇ ಆಸ್ಪತ್ರೆಯ ಪಾಳಿಗೆ ಹೋಗಿದ್ದಳು. ಅಮ್ಮ ಸ್ನಾನ ಮುಗಿಸಿ ಬರುವಷ್ಟರಲ್ಲಿ ಪಕ್ಕದ ಮನೆಯ ಟೈಲರಮ್ಮ ಕಿಟಕಿಯಿಂದ ಕೂಗಿದರಂತೆ: “ಅಮ್ಮಾ, ಇವತ್ತು ಸ್ಕೂಲು ಎರಡು ಗಂಟೆ ಲೇಟಂತೆ ಕಣ್ರೀ!” ಅಮ್ಮ ನನ್ನ ಪದ್ಧತಿಗೆ ನಿಷ್ಠರು. ಸ್ಟೂಲು ಹತ್ತಿ ಮತ್ತೆರಡು ಗಂಟೆ ಹಿಂದಕ್ಕೆ ತಿರುಗಿಸಿದರು. ಹೊರಗೆ ಮಳೆಮೋಡದ ಕತ್ತಲು ಕವಿದಿತ್ತು, ಹೊತ್ತು ಎಷ್ಟೇರಿತೆಂದು ತಿಳಿಯುವಂತಿರಲಿಲ್ಲ.

“ಅಜ್ಜೀ, ಹೊಟ್ಟೆ ಹಸೀತಿದೆ” ಎಂದಳಂತೆ ಮಗಳು.

“ನಂಗೂ ಹಸೀತಿದೆ ಕಂದಾ. ಆದ್ರೆ ಹೊಟ್ಟೆ ಸುಳ್ಳು ಹೇಳ್ಬಹುದು, ನಿಮ್ಮಪ್ಪ ಇಟ್ಟ ಗಡಿಯಾರ ಸುಳ್ಳು ಹೇಳಲ್ಲ.”

ಮಾನ್ಯರೇ, ಜನ್ಮದಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಪ್ರಶಸ್ತಿ ಇದು. ಇದನ್ನು ಎಲ್ಲಿ ಮುಚ್ಚಿಡಲಿ ಎಂದು ತೋಚುತ್ತಿಲ್ಲ.

ತಡವಾಗಿ ತೆರೆದ ಶಾಲೆಗೂ ಎರಡು ಗಂಟೆ ತಡವಾಗಿ ಅಜ್ಜಿ ಮೊಮ್ಮಗಳು ಗೇಟು ಮುಟ್ಟಿದಾಗ ಒಳಗಿನಿಂದ ಮಕ್ಕಳು ಕೇಕೆ ಹಾಕುತ್ತ ಹೊರಗೆ ಬರುತ್ತಿದ್ದರು. ತಮ್ಮ ರಜೆಯ ಆದೇಶ ತಲುಪಿತ್ತು. ಸಭೆ ಆಗಲೇ ಮುಗಿದು, ಇವಳ ಬದಲು ಬೇರೊಬ್ಬ ಹುಡುಗಿ ವರದಿಯನ್ನು ಗಡಗಡನೆ ಓದಿಬಿಟ್ಟಿದ್ದಳು. ಮಗಳು ಕೊಡೆ ಹಿಡಿದುಕೊಂಡೇ ಕೇಳಿದಳಂತೆ: “ಟೀಚರ್, ನಾನು ಈಗ ಓದ್ಲಾ?”

“ಯಾರಿಗೆ ಓದ್ತೀಯಮ್ಮಾ? ಎಲ್ರೂ ಹೊರಟ್ರಲ್ಲ. ಸರದಿ ಮತ್ತೆ ನಿನ್ನ ಹತ್ರ ಬರೋದು ಇನ್ನು ಮುಂದಿನ ವರ್ಷವೇ.”

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ಇಲ್ಲಿ ದೊಣ್ಣೆಯನ್ನು ತಾವೂ ನಾನೂ ಒಟ್ಟಿಗೆ ಹಿಡಿದಿದ್ದೆವು. ಸಂಜೆ ಅಂಗಡಿ ಮುಚ್ಚಿ ಮನೆಗೆ ಬಂದರೆ ಮಗಳು ಅಳಲೂ ಇಲ್ಲ. “ಅಪ್ಪಾ, ನಾನು ಮ... ಮತ್ತೆ ಯಾವಾಗ ಓದೋದು?” ಎಂದಳು. ಹೊತ್ತು ಎಷ್ಟೆಂದು ಹೇಳುವುದೇ ನನ್ನ ಕಸುಬು. ಸ್ಟೂಲು ಹತ್ತಿ ಗೋಡೆ ಗಡಿಯಾರದ ಮುಳ್ಳನ್ನು ನಾಲ್ಕು ಗಂಟೆ ಮುಂದಕ್ಕೆ ತಿರುಗಿಸಿದೆ, ಕಣ್ಣಿಗೆ ನೀರು ಬಂತು.

ನಿನ್ನ ತಟ್ಟೆಯಲ್ಲಿ ಹೆಗ್ಗಣ ಬಿದ್ದಿರುವಾಗ ಪಕ್ಕದ ತಟ್ಟೆಯ ನೊಣದ ಗೊಡವೆ ಏಕೆ ಎಂದು ತಾವು ಕೇಳಬಹುದು. ಒಪ್ಪಿದೆ. ಹೆಗ್ಗಣ ನನ್ನದೇ. ಆದರೆ ಮೋಡ ಭಾನುವಾರ ಮಧ್ಯಾಹ್ನವೇ ಕವಿದಿತ್ತಲ್ಲ? ಆಗ ತಮ್ಮ ಕಚೇರಿಗೆ ಕಿಟಕಿ ಇರಲಿಲ್ಲವೇ? ಹಿಂದಿನ ಸಂಜೆಯೇ ಹೇಳಿದ್ದರೆ ನಾವೆಲ್ಲ ಒಟ್ಟಿಗೆ ಕೂತು ಕೇಳುತ್ತಿದ್ದೆವು, ಮುಳ್ಳು ಒಂದೇ ಸಲ ತಿರುಗುತ್ತಿತ್ತು. ಹೊತ್ತುಗೊತ್ತಿಲ್ಲದ ಆದೇಶವನ್ನು ಒಬ್ಬೊಬ್ಬರು ಒಂದೊಂದು ಕಿಟಕಿಯಲ್ಲಿ ಕೇಳಿದರೆ, ನನ್ನಂಥ ಬುದ್ಧಿವಂತರ ಮನೆಯಲ್ಲಿ ಇನ್ನೇನಾಗುತ್ತದೆ?

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಶಾಲೆ ತಡವೋ ರಜೆಯೋ, ಹಿಂದಿನ ಸಂಜೆಯೇ ಹೇಳಿ, ಒಂದೇ ಸಲ ಹೇಳಿ. ಮತ್ತು ಮುಂದಿನ ಮಳೆಯ ಆದೇಶವನ್ನು ಜನರಿಗೆ ಓದಿ ಹೇಳುವ ಕೆಲಸವನ್ನು ನನ್ನ ಮಗಳಿಗೆ ಕೊಡಿ. ಅವಳು ನಿಧಾನವಾಗಿ ಓದುತ್ತಾಳೆ, ಹಾಗಾಗಿ ತಾವು ಬೇಗನೆ ತೀರ್ಮಾನಿಸಬೇಕಾಗುತ್ತದೆ. ‘ಮಳೆ’ ಎಂಬಲ್ಲಿ ನಿಲ್ಲಬಹುದು, ದಯವಿಟ್ಟು ಕಾಯಿರಿ. ಅಷ್ಟು ಕಷ್ಟಪಟ್ಟು ಆಡಿದ ಮಾತನ್ನು ಅವಳು ಮಧ್ಯಾಹ್ನದ ಹೊತ್ತಿಗೆ ಬದಲಾಯಿಸುವುದಿಲ್ಲ.

ಇಂತಿ,
ಊರಿನ ಗಡಿಯಾರಗಳನ್ನೆಲ್ಲ ಸರಿಮಾಡಿ,
ಮನೆಯ ಗೋಡೆ ಗಡಿಯಾರವನ್ನು ಮುಟ್ಟದಂತೆ ಅಮ್ಮನಿಂದ ಆಣೆ ಹಾಕಿಸಿಕೊಂಡಿರುವ
ಒಬ್ಬ ರಿಪೇರಿಯವ