ಅಮ್ಮನ ದನಿಯಿದ್ದ ಫೈಲ್

ಗುಂಡ,

ನಿನ್ನ ದಮ್ಮಯ್ಯ, ಲ್ಯಾಪ್‌ಟಾಪ್ ಆಫ್ ಮಾಡಬೇಡ, ಮುಚ್ಚಳವನ್ನೂ ಮುಚ್ಚಬೇಡ. ಬ್ಯಾಟರಿ ಸತ್ತಿದೆ, ಪ್ಲಗ್ ಅಲ್ಲಾಡಿದರೂ ಆರಿಹೋಗುತ್ತದೆ. ಇಸ್ತ್ರಿ ಪೆಟ್ಟಿಗೆ ಹಾಕಬೇಡ, ಫ್ಯೂಸ್ ಹೋದೀತು.

ಜಾಗ ಸಾಲದು ಅಂತ ಬೆಳಿಗ್ಗೆ ನೀನು ಅಳಿಸಿ ಕೆಲಸಕ್ಕೆ ಹೋದೆಯಲ್ಲ, ಆ ದೊಡ್ಡ ಫೈಲ್ ಕಸವಲ್ಲ ಕಣೋ. ಒಂದು ಮಾತು ಕೇಳಬಾರದಿತ್ತಾ? ಅಮ್ಮ ಟೈಪ್ ಮಾಡಿದ್ದನ್ನು ಅವಳದೇ ದನಿಯಲ್ಲಿ ಹೇಳುವ ಪ್ರೋಗ್ರಾಂ ಹೊಸ ಕಂಪ್ಯೂಟರಿನಲ್ಲಿ ಓಡುವುದಿಲ್ಲ. ಅದಕ್ಕೇ ಲ್ಯಾಪ್‌ಟಾಪಿನೊಳಗೆ ಇನ್ನೊಂದು ಹಳೇ ಕಂಪ್ಯೂಟರ್ ಕೂರಿಸಿದ್ದೆ. ಅದು ಬರೀ ಸಾಫ್ಟ್‌ವೇರ್. ಅದರ ಇಡೀ ಡಿಸ್ಕ್ ಅಂದರೆ ಆ ಒಂದೇ ಫೈಲ್. ಗಂಟಲಿನ ಆಪರೇಷನ್‌ಗೆ ಮೊದಲು ರೆಕಾರ್ಡ್ ಮಾಡಿದ ಅಮ್ಮನ ದನಿಯೆಲ್ಲ ಅದರಲ್ಲೇ ಇದೆ. ಬೇರೆ ಕಾಪಿ ಇಲ್ಲ.

ಹೋಗಿರುವುದು ಫೈಲಿನ ಹೆಸರು ಮಾತ್ರ. ಒಳಗಿನ ಕಂಪ್ಯೂಟರ್ ಓಡುತ್ತಿರುವವರೆಗೆ ಅದರಲ್ಲಿರುವುದು ಉಳಿದಿರುತ್ತದಂತೆ. ನಿಂತರೆ ಮುಗಿಯಿತು. ರಿಪೇರಿಯವರು ಫೋನಿನಲ್ಲಿ, "ಆಫ್ ಆಗದ ಹಾಗೆ ನೋಡ್ಕೊಳ್ಳಿ, ನಕಲು ತೆಗೆಯೋಕೆ ಆಗತ್ತೇನೋ ನೋಡೋಣ" ಅಂದರು. ಅವರನ್ನು ಕರೆತರಲು ಓಡುತ್ತಿದ್ದೇನೆ.

ಅಮ್ಮನಿಗೆ ಹೇಳಿಬಿಟ್ಟೆ. ಮುಟ್ಟಿದರೆ ಎಲ್ಲಿ ಹೋಗಿಬಿಡುತ್ತದೋ ಅಂತ ಹೆದರಿ ಕೈಕಟ್ಟಿ ಕೂತಿದ್ದಾಳೆ. ಟೈಪ್ ಮಾಡಿದರೆ ಏನೂ ಆಗುವುದಿಲ್ಲ ಅಂತ ಹೇಳು. ಪಕ್ಕದಲ್ಲಿ ಕೂತು ಮಾತಾಡಿಸು. ನಿನ್ನನ್ನು ಬೈಯುವುದಿದ್ದರೂ ಬೈಯಲಿ. ಆ ದನಿಯಲ್ಲೇ ಬೈಯಲಿ.

ಅಕ್ಕ